ಆಪತ್ತಿಗೊಂದು ಜನರೇಟರ್

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆ ಪೇಪರಿನಲ್ಲಿ ಎಲ್ಲರೂ ಮೊದಲು ಹುಡುಕುವುದು ಲಿಂಗನಮಕ್ಕಿ ಡ್ಯಾಮಿನ ನೀರಿನ ಮಟ್ಟವನ್ನು. ಭರ್ತಿಯಾಗಲು 1819 ಅಡಿ ಮುಟ್ಟಬೇಕು. ನಿನ್ನೆಗಿಂತ ಎಷ್ಟು ಏರಿತು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂಬುದೆಲ್ಲ ಚಹಾದ ಜೊತೆ ಚರ್ಚೆಯಾಗುತ್ತದೆ. ಅದೇ ಹೊತ್ತಿಗೆ ನಮ್ಮ ಜಗಲಿಯ ಮೂಲೆಯಲ್ಲಿ ಇನ್ನೊಂದು ಮಟ್ಟದ ವರದಿಯೂ ಓದಲ್ಪಡುತ್ತದೆ. ಅದು ಸೋಲಾರ್ ಬ್ಯಾಟರಿಯ ವೋಲ್ಟೇಜಿನದು. ಅಲ್ಲಿ ಏರುತ್ತಿದ್ದಂತೆ ಇಲ್ಲಿ ಇಳಿಯುತ್ತದೆ. ಡ್ಯಾಮು ತುಂಬಿಸುವ ಮೋಡವೇ ಬ್ಯಾಟರಿ ಬರಿದು ಮಾಡುವುದರಿಂದ, ಮಳೆಯನ್ನು ಹೊಗಳಬೇಕೋ ಬೈಯಬೇಕೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಜೋಗದ ಬುಡದಲ್ಲಿ 1948ರಿಂದಲೇ ಕರೆಂಟು ಹುಟ್ಟುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಶರಾವತಿ ವಿದ್ಯುದಾಗಾರ ಬೆಳೆದು ಬೆಳೆದು 1035 ಮೆಗಾವಾಟ್ ಆಯಿತು. ಆ ಕರೆಂಟೆಲ್ಲ ದೊಡ್ಡ ದೊಡ್ಡ ಟವರುಗಳನ್ನೇರಿ ನಮ್ಮ ಗುಡ್ಡ ದಾಟಿ ಪೇಟೆಗೆ ಹೋಗುತ್ತದೆ. ಕಾಡಿನ ನಡುವಿನ ನಮ್ಮ ಒಂಟಿ ಮನೆಗೆ ಕಂಬ ಹಾಕಬೇಕೆಂದರೆ ಕಡಿಯಬೇಕಾದ ಮರಗಳ ಲೆಕ್ಕವೇ ಇನ್ನೂ ಮುಗಿದಿಲ್ಲ. ಹಾಗಾಗಿ ಮಾಡಿನ ಮೇಲೆ ನಾಲ್ಕು ಪ್ಯಾನೆಲ್, ಒಳಗೊಂದು ಇನ್ವರ್ಟರ್, ಅದರ ಪಕ್ಕ ತಲಾ 12 ವೋಲ್ಟಿನ, 150 ಆಂಪಿಯರ್ ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ. ಎರಡೂ ಸೇರಿ ಲೆಕ್ಕದಲ್ಲಿ 3.6 ಯೂನಿಟ್. ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮುಟ್ಟಬಾರದು. ದಟ್ಟ ಮೋಡ ಕವಿದರೆ ಪ್ಯಾನೆಲ್ಲು ತನ್ನ ಶಕ್ತಿಯ ಹತ್ತರಲ್ಲೊಂದು ಪಾಲು ಕೊಟ್ಟರೆ ಅದೇ ದೊಡ್ಡದು. ಪುಷ್ಯ ಮಳೆ ಹೊಯ್ಯುವಾಗ ಮನೆಯಲ್ಲಿ ಒಂದೊಂದೇ ಯಂತ್ರ ವಾನಪ್ರಸ್ಥಕ್ಕೆ ಹೊರಡುತ್ತದೆ. ಮೊದಲು ಟೀವಿ, ಆಮೇಲೆ ಫ್ರಿಜ್ಜು, ಕೊನೆಗೆ ಮಿಕ್ಸಿ. ತಂಬುಳಿಗೆ ಒರಳುಕಲ್ಲೇ ಗತಿ ಎಂಬ ದಿನ ಮನೆಯ ರಾಜಕೀಯ ಬಿಗಡಾಯಿಸುತ್ತದೆ.

ಇಂಥ ಗಳಿಗೆಗೆಂದೇ ಎರಡು ಕೆ.ವಿ.ಎ.ಯ ಪೆಟ್ರೋಲ್ ಜನರೇಟರ್ ತಂದದ್ದು. ಹೊಸದರಲ್ಲಿ ನೆಂಟರು ಬಂದಾಗೆಲ್ಲ ಚಾಲೂ ಮಾಡಿ ತೋರಿಸುತ್ತಿದ್ದೆವು. ಆಮೇಲೆ ಮಳೆ ನಡುನಡುವೆ ಹೊಳವು ಕೊಟ್ಟಿದ್ದರಿಂದ ಅದರ ಅಗತ್ಯವೇ ಬೀಳಲಿಲ್ಲ. ‘ಆಪತ್ತಿಗೆ ಇರ್ಲಿ’ ಎಂದು ಅಮ್ಮ ಅದಕ್ಕೆ ಹಳೇ ಕಂಬಳಿ ಹೊದಿಸಿ ಕಟ್ಟಿಗೆ ಮನೆಯಲ್ಲಿ ಕೂರಿಸಿದಳು. ಆಯುಧಪೂಜೆಯ ದಿನ ಅರಿಶಿನ, ಕುಂಕುಮ, ಚೆಂಡು ಹೂವಿನ ಮಾಲೆ. ಅದಕ್ಕೆ ಸಿಕ್ಕ ಸರ್ವಿಸ್ ಎಂದರೆ ಅಷ್ಟೆ.

ಈ ಸಲ ಆಪತ್ತು ಬಂತು. ಹೊಗೆಯಲ್ಲಿ ಉಸಿರು ಕಟ್ಟಿಸುವ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಯಂತ್ರವನ್ನು ಒಳಗೆ ಓಡಿಸುವಂತಿಲ್ಲ. ಅಂಗಳದ ಸೂರಿನಡಿ ತಂದಿಟ್ಟು ಹಗ್ಗ ಎಳೆದದ್ದಾಯಿತು. ಅದು ಕೆಮ್ಮಲೂ ಇಲ್ಲ.

ಹಾಳಾದ ಯಂತ್ರಕ್ಕೆ ಜನ ಸೇರಿಸುವ ಶಕ್ತಿಯಿದೆ. ಮೆಕ್ಯಾನಿಕ್ಕು ಬರುವ ರಸ್ತೆಗೆ ಮರ ಬಿದ್ದಿತ್ತು. ಸಲಹೆ ಕೊಡುವವರು ಮಾತ್ರ ಕಾಲುದಾರಿಯಲ್ಲೇ ಬಂದರು. ಮೊದಲು ಬಂದವನು ವೀಡ್ ಕಟರ್ ರಿಪೇರಿಯ ಹುಡುಗ. ಅವನ ಪ್ರಕಾರ ಜಗತ್ತಿನ ಸಕಲ ಇಂಜಿನ್ನುಗಳಿಗೂ ಇರುವುದೊಂದೇ ಕಾಯಿಲೆ, ಪ್ಲಗ್ಗು. ಬಿಚ್ಚಿದ, ತುಕ್ಕು ಹಿಡಿದಿತ್ತು, ಎಮರಿ ಪೇಪರಿನಲ್ಲಿ ಉಜ್ಜಿದ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಬರುವಾತ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, ‘ಪೆಟ್ರೋಲ್ ಹಳಸಿದೆ’ ಎಂದ. ಈಗಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಗಾಳಿಯ ತೇವ ಹೀರುತ್ತದೆ; ಮಲೆನಾಡಿನಲ್ಲಿ ಅದಕ್ಕೆ ತೇವದ ಬರವಿಲ್ಲ. ಕಾರ್ಬುರೇಟರಿನ ಜೆಟ್ಟು ಅಂಟಿನಿಂದ ಮುಚ್ಚಿಹೋಗಿತ್ತು. ಪಕ್ಕದ ತೋಟದ ದೊಡ್ಡಪ್ಪ ಇಬ್ಬರನ್ನೂ ಒಪ್ಪದೆ, ‘ಸೈಲೆನ್ಸರ್ ನೋಡ್ರೋ ಮೊದಲು’ ಎಂದರು. ನೋಡಿದರೆ ಕುಂಬಾರ ಹುಳ ಅಲ್ಲಿ ಮಣ್ಣಿನ ಮನೆ ಕಟ್ಟಿ ಸಂಸಾರ ಹೂಡಿತ್ತು. ಅಮ್ಮ ಕಿಟಕಿಯಿಂದಲೇ, ‘ಅದು ವಾಲಿಕೊಂಡು ಕೂತಿದೆ, ನೆಟ್ಟಗೆ ಇಡಿ’ ಎಂದಳು. ಅದೂ ಸರಿಯೇ. ಅಂಗಳದ ಇಳಿಜಾರಿನಲ್ಲಿ ಆಯಿಲ್ ಒಂದು ಕಡೆ ಸರಿದರೆ, ಆಯಿಲ್ ಇಲ್ಲವೆಂದು ತಿಳಿದು ಸೆನ್ಸರು ಕಿಡಿ ಹಾರದಂತೆ ಮಾಡುತ್ತದೆ.

ಸಾಮಾನ್ಯವಾಗಿ ಇಂಥ ಸಭೆಗಳಲ್ಲಿ ಒಬ್ಬನ ಮಾತು ನಿಜವಾಗಿ, ಉಳಿದವರು ಕವಳ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಇಲ್ಲಿ ಎಲ್ಲರ ಮಾತೂ ನಿಜವಾಗಿಬಿಟ್ಟಿತು. ಹಾಗಾಗಿ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರಿಗೂ ಮತ್ತೊಂದು ಸುತ್ತು ಚಹಾ ಆಯಿತು.

ಎಲ್ಲ ಸರಿಪಡಿಸಿ ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದಾಗ ಇಂಜಿನ್ನು ಗುಡ್ಡ ಮಾರ್ದನಿಸುವ ಹಾಗೆ ಹೊಡೆದುಕೊಂಡಿತು. ನಾಯಿ ಓಡಿತು, ದನ ಬೆದರಿತು, ಸಭೆ ಚಪ್ಪಾಳೆ ತಟ್ಟಿತು. ಬಲ್ಬು ಮಾತ್ರ ಹತ್ತಲಿಲ್ಲ. ಸದ್ದಿಗೆ ಕೊರತೆಯಿಲ್ಲ, ಕರೆಂಟೇ ಇಲ್ಲ.

ಜಿಲ್ಲೆಗೆಲ್ಲ ಮಳೆ ರಜೆ ಸಾರಿದ್ದರಿಂದ ಹೈಸ್ಕೂಲಿನ ವಿಜ್ಞಾನದ ಟೀಚರಾದ ನನ್ನ ಹೆಂಡತಿ ಮನೆಯಲ್ಲೇ ಇದ್ದಳು. ಇಷ್ಟು ಹೊತ್ತು ಗಂಡಸರ ಸಭೆಗೆ ಚಹಾ ಸೋಸುತ್ತಿದ್ದವಳು ಸೆರಗು ಸಿಕ್ಕಿಸಿ ಮಲ್ಟಿಮೀಟರ್ ಹಿಡಿದು ಬಂದಳು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ‘ಸರಿ, ಇದಕ್ಕೆ ಅಯಸ್ಕಾಂತ ಮರೆತು ಹೋಗಿದೆ’ ಎಂದಳು. ವೀಡ್ ಕಟರ್ ಹುಡುಗ ಮತ್ತೊಮ್ಮೆ ಪ್ಲಗ್ಗಿನ ಕಡೆ ಆಸೆಯಿಂದ ನೋಡಿದ.

ಆಮೇಲೆ ನಮಗೆಲ್ಲ ಅಂಗಳದಲ್ಲೇ ಪಾಠ. ಇಂಥ ಜನರೇಟರಿನ ಒಳಗೆ ತಿರುಗುವ ರೋಟರಿನಲ್ಲಿ ಶಾಶ್ವತ ಅಯಸ್ಕಾಂತ ಇರುವುದಿಲ್ಲ. ಹಿಂದೆ ಓಡಿದಾಗಿನ ಕಾಂತತ್ವ ಕಬ್ಬಿಣದಲ್ಲಿ ಚೂರು ಉಳಿದಿರುತ್ತದೆ. ಆ ಚೂರಿನಿಂದ ಚೂರು ಕರೆಂಟು, ಆ ಕರೆಂಟಿನಿಂದ ಇನ್ನಷ್ಟು ಅಯಸ್ಕಾಂತ, ಅದರಿಂದ ಇನ್ನಷ್ಟು ಕರೆಂಟು. ಹೀಗೆ ತನ್ನನ್ನು ತಾನೇ ಎಬ್ಬಿಸಿಕೊಳ್ಳುವ ಡೈನಮೋದ ತತ್ವ ವಿವರಿಸುವ ವರ್ನರ್ ಸೀಮೆನ್ಸನ ಪ್ರಬಂಧ 1867ರಲ್ಲಿ ಬರ್ಲಿನ್ನಿನ ವಿದ್ವಾಂಸರ ಮುಂದೆ ಮಂಡನೆಯಾಗಿತ್ತು. ಆದರೆ ಬಹುಕಾಲ ಸುಮ್ಮನೆ ಕೂತ ಯಂತ್ರದಲ್ಲಿ ಆ ಚೂರೂ ಕರಗಿ ಹೋಗಬಹುದು. ಮೂಲ ಬಂಡವಾಳವೇ ಇಲ್ಲದ ಮೇಲೆ ಬಡ್ಡಿಯ ಮಾತೆಲ್ಲಿ?

‘ಹಾಗಾದ್ರೆ ಎಂಥ ಮಾಡೋದು ಮಾರಾಯ್ತಿ?’ ಎಂದರು ದೊಡ್ಡಪ್ಪ.

‘ಹೊರಗಿಂದ ಒಂದಿಷ್ಟು ಕರೆಂಟು ಕೊಡಬೇಕು ದೊಡ್ಡಪ್ಪ, ಹನ್ನೆರಡು ವೋಲ್ಟು.’

ಆ ಹನ್ನೆರಡು ವೋಲ್ಟು ಇದ್ದದ್ದು ಒಂದೇ ಕಡೆ. ಯಾರನ್ನು ಬದುಕಿಸಲು ಜನರೇಟರನ್ನು ಹೊರಗೆಳೆದಿದ್ದೆವೋ ಆ ಸೋಲಾರ್ ಬ್ಯಾಟರಿಯಲ್ಲಿ. ಕೊನೆಯುಸಿರಿನಲ್ಲಿದ್ದ ರೋಗಿಯೇ ಎದ್ದು ಬಂದು ವೈದ್ಯರಿಗೆ ಗುಟುಕು ನೀರು ಕುಡಿಸಬೇಕಾಯಿತು. ಹೆಂಡತಿ, ತಿರುಗುವ ರೋಟರಿಗೆ ಕರೆಂಟು ಮುಟ್ಟಿಸುವ ಬ್ರಶ್ಶುಗಳನ್ನು ಬಿಚ್ಚಿದಳು. ಒಂದು ಬ್ರಶ್ಶು ಗೂಡಿನಲ್ಲೇ ಸಿಕ್ಕಿಕೊಂಡಿತ್ತು, ಅವು ತಾಗುವ ರಿಂಗುಗಳು ಕಪ್ಪಾಗಿದ್ದವು. ಉಜ್ಜಿ, ಮತ್ತೆ ಕೂರಿಸಿ, ವೋಲ್ಟೇಜನ್ನು ಹದ್ದುಬಸ್ತಿನಲ್ಲಿಡುವ ಎ.ವಿ.ಆರ್.ನ ವೈರು ಕಳಚಿ, ಇಂಜಿನ್ನು ಓಡುತ್ತಿರುವಾಗ ಒಂದು ಬ್ಯಾಟರಿಯಿಂದ ಎಳೆದ ಪ್ಲಸ್ಸನ್ನು ಬ್ರಶ್ಶಿನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಕ್ಷಣಹೊತ್ತು ಮುಟ್ಟಿಸಿದಳು. ಮೀಟರಿನ ಮುಳ್ಳು ಎದ್ದಿತು. ಎ.ವಿ.ಆರ್. ಮತ್ತೆ ಜೋಡಿಸಿ ಚಾಲೂ ಮಾಡಿದರೆ 230 ವೋಲ್ಟು!

ಅಲ್ಲಿಗೂ ಮುಗಿಯಲಿಲ್ಲ. ಇನ್ವರ್ಟರು ಜಾತಕ ನೋಡುವ ಬೀಗರಂತೆ ಇದನ್ನು ತಿರಸ್ಕರಿಸಿತು. ನಿಮಿಷಕ್ಕೆ ಸರಿಯಾಗಿ 3000 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್. ಬಹುದಿನ ಮಲಗಿ ಎದ್ದ ಇಂಜಿನ್ನು ಒಮ್ಮೆ ಓಡುತ್ತ ಒಮ್ಮೆ ತೂಕಡಿಸುತ್ತ ಇತ್ತು. ಇನ್ವರ್ಟರಿನ ಹಿಂಬದಿಯಲ್ಲಿ ಯು.ಪಿ.ಎಸ್. ಎಂಬಲ್ಲಿದ್ದ ಸ್ವಿಚ್ಚನ್ನು ಏರಿಳಿತ ಸಹಿಸುವ ನಾರ್ಮಲ್‌ಗೆ ತಿರುಗಿಸಿ, ಇಂಜಿನ್ನಿನ ವೇಗ ಹಿಡಿದಿಡುವ ಗವರ್ನರ್ ಸ್ಕ್ರೂ ಸ್ವಲ್ಪ ಬಿಗಿ ಮಾಡಿದ ಮೇಲೆ ಸಂಬಂಧ ಕುದುರಿತು. ಚಾರ್ಜಿಂಗಿನ ಹಸಿರು ದೀಪ ಹತ್ತಿತು. ಅಮ್ಮ ಮೊದಲು ಮಾಡಿದ ಕೆಲಸ ಮಿಕ್ಸಿ ಹಾಕಿದ್ದು.

ಆ ರಾತ್ರಿ ಊಟಕ್ಕೆ ಕೂತಾಗ ಕಾರಣಗಳ ಪಟ್ಟಿ ತೆಗೆದೆವು. ಪ್ಲಗ್ಗು, ಪೆಟ್ರೋಲು, ಹುಳದ ಗೂಡು, ಬ್ರಶ್ಶು, ಅಯಸ್ಕಾಂತ. ಇದರಲ್ಲಿ ದುಡಿದು ಸವೆದದ್ದು ಒಂದೂ ಇಲ್ಲ. ಎಲ್ಲ ಕೂತು ಕೆಟ್ಟದ್ದು. ಆಪತ್ತಿಗೆಂದು ಜೋಪಾನ ಮಾಡಿದ್ದನ್ನು ಆಪತ್ತು ಬಾರದೇ ಇದ್ದದ್ದೇ ಹಾಳು ಮಾಡಿತ್ತು. ತಿಂಗಳಿಗೊಮ್ಮೆಯಾದರೂ ಲೋಡು ಕೊಟ್ಟು ಓಡಿಸಬೇಕೆಂದು ಟೀಚರು ತೀರ್ಪು ಕೊಟ್ಟಳು. ಕೆಲಸವಿಲ್ಲದೆ ಪೆಟ್ರೋಲ್ ಸುಡುವುದು ಅಮ್ಮನಿಗೆ ಒಪ್ಪಿಗೆಯಾಗಲಿಲ್ಲ. ‘ಕೇಳಿದವ್ರಿಗೆ ಕೊಡಿ. ಪೆಟ್ರೋಲು ಅವ್ರೇ ಹಾಕ್ಕೊಳ್ತಾರೆ’ ಎಂದಳು.

ಅಂದಿನಿಂದ ನಮ್ಮ ಜನರೇಟರ್ ಸೀಮಂತಕ್ಕೆ, ಗೃಹಪ್ರವೇಶಕ್ಕೆ, ತಾಳಮದ್ದಲೆಗೆ ಊರೂರು ತಿರುಗುತ್ತಿದೆ. ಪ್ಲಗ್ಗು ಶುಚಿಯಾಗಿದೆ, ಪೆಟ್ರೋಲು ಸದಾ ತಾಜಾ, ಹುಳಗಳಿಗೆ ಸಂಸಾರ ಹೂಡಲು ಪುರಸೊತ್ತಿಲ್ಲ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದಂತೆ. ಮೊನ್ನೆ ಮತ್ತೆ ಮೋಡ ಕವಿದು ಬ್ಯಾಟರಿ ಇಳಿದಾಗ ಅದನ್ನೇ ನೆನೆದು ಧೈರ್ಯ ತಂದುಕೊಂಡೆವು. ಯಂತ್ರ ಅತ್ಯುತ್ತಮ ಸ್ಥಿತಿಯಲ್ಲಿದೆ. ಮನೆಯಲ್ಲಿ ಇಲ್ಲ, ಅಷ್ಟೆ.