ದೆಹಲಿ ಖಾಲಿ, ಬಸ್ಸು ಭರ್ತಿ

ತುಘಲಕನ ಮೇಲೆ ಹೊಸ ನಾಟಕ ಬರೆದಿದ್ದೇನೆ ಎಂದು ನಮ್ಮ ನಿರ್ದೇಶಕರು ಹೇಳಿದಾಗ, ‘ಕಾರ್ನಾಡರು 1964ರಲ್ಲೇ ಆ ಕೆಲಸ ಮುಗಿಸಿದ್ದಾರಲ್ಲ ಸಾರ್’ ಎಂದು ಬಾಯಿ ಹಾಕಿದವನು ನಾನೇ.

‘ಹೌದು. ಅದರಲ್ಲಿ ನಿಮಗೆ ಯಾರಾದ್ರೂ ಪಾರ್ಟು ಕೊಡ್ತಾರೇನ್ರೀ?’

ಬಾಯಿ ಮುಚ್ಚಿದೆ. ನನಗೆ ಸಿಕ್ಕಿದ್ದು ಡಂಗುರದವನ ಪಾತ್ರ. ಒಂದು ತಮಟೆ, ಒಂದು ಗಡ್ಡ, ಒಂದೇ ಮಾತು: ‘ದೆಹಲಿಯ ಜನರೆಲ್ಲ ಗಂಟುಮೂಟೆ ಕಟ್ಟಿ ದೌಲತಾಬಾದಿಗೆ ಈಗಿಂದೀಗಲೇ ಹೊರಡತಕ್ಕದ್ದು!’ 1327ರಲ್ಲಿ ರಾಜಧಾನಿ ದಕ್ಷಿಣಕ್ಕೆ ಬಂದದ್ದೇ ನನ್ನ ಈ ಮಾತಿನಿಂದ ಎಂದು ಮನೆಯಲ್ಲಿ ಕೊಚ್ಚಿಕೊಂಡೆ. ‘ಆಮೇಲೆ ವಾಪಸ್ಸೂ ಹೋಯಿತಲ್ಲ’ ಎಂದಳು ಹೆಂಡತಿ. ಅವಳು ಇತಿಹಾಸದ ಟೀಚರ್.

ಮೊದಲ ಪ್ರದರ್ಶನ ರಂಗಶಂಕರದಲ್ಲಿ. ಅಲ್ಲಿ ರಂಗದ ಮೂರು ಕಡೆಯೂ ಪ್ರೇಕ್ಷಕರು. ನಮ್ಮದೋ, ಬ್ಯಾಂಕಿನ ವಾರ್ಷಿಕೋತ್ಸವಗಳಲ್ಲಿ ಮೈಕಿನ ಮುಂದೆ ಸಾಲಾಗಿ ನಿಂತು ಬೆಳೆದ ತಂಡ. ‘ಮೊದಲು ಯಾವುದಾದರೂ ಹಳ್ಳಿಯಲ್ಲಿ ಆಡಿ ನೋಡೋಣ’ ಎಂದರು ನಿರ್ದೇಶಕರು. ನಮ್ಮೂರಲ್ಲೇ ಆಗಲಿ ಎಂದು ಕೈಯೆತ್ತಿದೆ.

ಶಾಲೆಯ ಅಂಗಳದಲ್ಲಿ ಮೂರು ಕಡೆ ಜಮಖಾನ ಹಾಸಿದೆವು. ಎಡಕ್ಕೆ ಹೆಂಗಸರು, ಎದುರಿಗೆ ಮಕ್ಕಳು, ಬಲಕ್ಕೆ ರಸ್ತೆಯ ಪಕ್ಕದಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂದ ಗಂಡಸರು. ಯಾರಿಗೂ ಬೆನ್ನು ತೋರಿಸಬಾರದೆಂದು ನಿರ್ದೇಶಕರ ಕಟ್ಟಪ್ಪಣೆ. ಹಿಂದೆ ಇದ್ದದ್ದು ಬರೀ ಗೋಡೆ, ಅರ್ಧ ತಿರುಗಿದ್ದರೆ ಸಾಕಿತ್ತು. ನಾನು ಗೋಡೆಗೂ ಅಗೌರವವಾಗದಿರಲೆಂದು ತಮಟೆ ಬಡಿಯುತ್ತ ಬುಗುರಿಯ ಹಾಗೆ ಪೂರ್ತಿ ಸುತ್ತತೊಡಗಿದೆ.

ಎರಡನೇ ಸುತ್ತಿಗೇ ತಲೆ ಗಿರ್ರೆಂದಿತು. ಬೆವರಿಗೆ ಗೋಂದು ಬಿಟ್ಟುಕೊಂಡು ಅರ್ಧ ಗಡ್ಡ ಬಾಯೊಳಗೆ ಬಂತು. ಹೆಂಗಸರ ನಡುವಿನಿಂದ ನಮ್ಮಜ್ಜಿ, ‘ಅಯ್ಯೋ, ನಮ್ ಗುಂಡಂಗೆ ಗಾಳಿ ಮೆಟ್ಕೊಂಡೈತೆ, ಯಾರಾದ್ರೂ ಹಿಡ್ಕೊಳ್ರೋ!’ ಎಂದು ಕೂಗಿದಳು.

ಆದರೂ ನಾನು ಮಾತು ಬಿಡಲಿಲ್ಲ. ಸುತ್ತುತ್ತಲೇ ಹೇಳಿದ್ದರಿಂದ ಹೆಂಗಸರ ಪಾಲಿಗೆ ‘ದೆಹಲಿಯ ಜನರೆಲ್ಲ’ ಹೋಯಿತು, ಮಕ್ಕಳಿಗೆ ‘ಗಂಟುಮೂಟೆ’. ಗಂಡಸರ ಕಿವಿಗೆ ಬಿದ್ದದ್ದು ‘ಈಗಿಂದೀಗಲೇ ಹೊರಡತಕ್ಕದ್ದು’ ಅಷ್ಟೇ. ಸರಿಯಾಗಿ ಅದೇ ಹೊತ್ತಿಗೆ ಕೊನೇ ಬಸ್ಸು ಹಾರನ್ ಹೊಡೆಯಿತು.

ಗಂಡಸರು ಒಟ್ಟಿಗೆ ಎದ್ದರು. ‘ಏಳ್ರೇ, ಬಸ್ ಹೋಯ್ತದೆ’ ಎಂದು ಹೆಂಗಸರನ್ನು ಎಬ್ಬಿಸಿದರು. ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಜನ ಸಾಲುಗಟ್ಟಿ ನಡೆದೇಬಿಟ್ಟರು. ತಲೆ ತಿರುಗುತ್ತಿದ್ದ ನನಗೆ ಕಂಡದ್ದು ದೆಹಲಿಯೇ ಗುಳೆ ಹೊರಟ ದೃಶ್ಯ. ಅಭಿನಯ ಅಂದರೆ ಇದಪ್ಪಾ ಎಂದು ಕಣ್ಣು ತುಂಬಿ ಬಂತು. ಇನ್ನೆರಡು ಏಟು ಜೋರಾಗಿಯೇ ಬಡಿದೆ.

ಸುಲ್ತಾನರು ಒಳಬಂದಾಗ ಅಂಗಳದಲ್ಲಿ ಉಳಿದವರು ಇಬ್ಬರು: ನಮ್ಮಜ್ಜಿ, ಮತ್ತು ಜಮಖಾನ ವಾಪಸ್ಸು ಪಡೆಯಲು ಕಾದಿದ್ದ ಹೆಡ್‌ಮಾಸ್ತರರು. ಸುಲ್ತಾನರು ತಮ್ಮ ಕನಸುಗಳನ್ನೆಲ್ಲ ಹೆಡ್‌ಮಾಸ್ತರರಿಗೇ ತೋಡಿಕೊಂಡರು. ಅವರು ಗಡಿಯಾರ ನೋಡಿಕೊಂಡರು.

‘ರಂಗಶಂಕರದಲ್ಲಿ ತಡವಾಗಿ ಬಂದೋರನ್ನ ಒಳಗೆ ಬಿಡಲ್ಲ ಕಣ್ರೀ. ಹೊತ್ತಿಗೆ ಸರಿಯಾಗಿ ಬಂದೋರನ್ನ ಓಡಿಸೋಕೆ ನಿಮ್ಮನ್ನ ಕರಕೊಂಡು ಹೋಗ್ಲಾ?’ ಎಂದರು ನಿರ್ದೇಶಕರು. ಡಂಗುರದ ಮಾತನ್ನು ಬೇರೊಬ್ಬರ ದನಿಯಲ್ಲಿ ರೆಕಾರ್ಡ್ ಮಾಡಿಸುವುದೆಂದಾಯಿತು. ನಾನು ಸೈಡ್‌ವಿಂಗಿನಲ್ಲಿ, ಕುರ್ಚಿಯ ಮೇಲೆ ಕೂತು, ತಮಟೆ ಮಾತ್ರ.

ಮರುದಿನ ಬೆಳಿಗ್ಗೆ ಅದೇ ಬಸ್ಸಿಗೆ ಹತ್ತಿದೆ. ಕಂಡಕ್ಟರ್ ನನ್ನ ಕೆನ್ನೆಯ ಮೇಲೆ ಉಳಿದಿದ್ದ ಗೋಂದನ್ನು ದಿಟ್ಟಿಸಿದ. ‘ನಿನ್ನೆ ತಮಟೆ ಬಡಿದೋರು ನೀವೇ ಅಲ್ವಾ ಸಾರ್? ದಿನಾ ಹತ್ತು ಜನಕ್ಕೋಸ್ಕರ ಕೂಗಿ ಕೂಗಿ ಗಂಟಲು ಹರಿಯುತ್ತೆ. ನಿನ್ನೆ ಒಂದೇ ಏಟಿಗೆ ಟಾಪಿನವರೆಗೂ ಫುಲ್ಲು! ವಾರಕ್ಕೊಂದ್ಸಲ ಬರ್ತೀರಾ?’

ನನ್ನ ಟಿಕೆಟ್ಟಿನ ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡ.