ಧೂಳಲ್ರೀ, ಅದು ತುಕ್ಕು!

ನಿಮ್ಮ ಮನೆ ಮುಂದೆ ಒಂದು ಹಳೇ ಅಂಬಾಸಿಡರ್ ನಿಂತೈತಿ, ಹೌದಲ್ಲೋ? ಅಪ್ಪಾರು ತಗೊಂಡಿದ್ದು, ಮನೆಗೆ ಲಕ್ಷ್ಮಿ ಇದ್ದಂಗೆ, ಮಾರೋ ಮಾತೇ ಇಲ್ಲ. (ಕೊಡ್ತೀರಾ ಅಂತ ಕೇಳಿದೋರೂ ಇಲ್ಲ, ಅದು ಬೇರೆ ಮಾತು.) ಬಾಗಿಲ ಅಂಚಲ್ಲಿ ಕೆಂಪಗೆ ಏನೋ ಕಾಣ್ತದಲ್ರೀ ಅಂತ ಯಾರಾದ್ರೂ ಬೆರಳು ತೋರಿಸಿದ್ರೆ ನಿಮ್ಮ ಉತ್ತರ ರೆಡಿ: 'ಅದಾ? ಮೊನ್ನೆ ಸಂಡೂರಿಗೆ ಹೋಗಿದ್ದೆ, ಮೈನ್ಸ್ ಧೂಳು!'

ಎಂಥಾ ನೆಪಾ ರೀ ಇದು! ಮಂಗಳೂರಿನೋರು ಉಪ್ಪುಗಾಳಿ ಅಂತಾರೆ, ಆದ್ರೆ ತುಕ್ಕು ಹಿಡಿದಿದ್ದನ್ನ ಒಪ್ಕೊಂಡ ಮೇಲೆ ಅಂತಾರೆ. ನಮ್ದು ತುಕ್ಕೇ ಇಲ್ಲ ಅನ್ನೋ ನೆಪ. ಲಾರಿ, ಅಂಗಡಿ ಬೋರ್ಡು, ಮರದ ಎಲೆ, ರಸ್ತೇಲಿ ಮಲಗಿದ ನಾಯಿ, ಎಲ್ಲಾ ಒಂದೇ ಬಣ್ಣಕ್ಕೆ ತಿರುಗಿರೋ ಕಡೆ ನಿಮ್ಮ ಬಾಗಿಲೊಂದನ್ನ ಯಾರು ಪತ್ತೆ ಹಚ್ತಾರೆ?

ಇನ್ನೊಂದು ಗುಟ್ಟು ಹೇಳ್ಲಾ? ಸಂಡೂರು ಗುಡ್ಡದ ಹೆಮಟೈಟ್ ಅದಿರಿಗೂ ನಿಮ್ಮ ಬಾಗಿಲ ತುಕ್ಕಿಗೂ ಕುಲಗೋತ್ರ ಒಂದೇ. ಎರಡ್ರಲ್ಲೂ ಇರೋದು ಕಬ್ಬಿಣ ಮತ್ತು ಆಮ್ಲಜನಕ, ತುಕ್ಕಿಗೆ ಒಂದಿಷ್ಟು ನೀರು ಎಕ್ಸ್‌ಟ್ರಾ. ತೋರಣಗಲ್ಲಿನಲ್ಲಿ ಅಷ್ಟೆತ್ತರದ ಕುಲುಮೆ ಕಟ್ಟಿ, ರಾಶಿ ರಾಶಿ ಕೋಕ್ ಸುರಿದು, ಆ ಆಮ್ಲಜನಕಾನ ಒದ್ದೋಡಿಸಿ ಉಕ್ಕು ಮಾಡ್ತಾರೆ. ನೀವು ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಪೈಸಾ ಖರ್ಚಿಲ್ದೆ ಅದನ್ನ ವಾಪಸ್ ಅದಿರು ಮಾಡ್ತಿದ್ದೀರಿ. (ಅದೂ ಮೈನಿಂಗ್ ಲೈಸೆನ್ಸ್ ಇಲ್ದೆ!)

ಹಾಗಂತ ಧೂಳು ಬಿದ್ದ ಕೂಡ್ಲೇ ತುಕ್ಕು ಬರಲ್ಲ. ಧೂಳು ಮೂಲೆ ಹಿಡಿದು ಕೂರ್ತದೆ, ಮಳೆ ಬಂದ್ರೆ ನೀರು ಕುಡೀತದೆ, ಕುಡಿದಿದ್ದನ್ನ ಬಿಡಲ್ಲ. ಬಾಗಿಲ ತಳದಲ್ಲಿ ನೀರು ಇಳಿದು ಹೋಗ್ಲಿ ಅಂತ ಕಂಪ್ನಿಯೋರು ಸಣ್ಣ ತೂತು ಬಿಟ್ಟಿರ್ತಾರೆ, ಅದನ್ನ ಮುಚ್ಚಿಬಿಡ್ತದೆ. ಕಂಪ್ಲಿ ಕಡೆ ಗದ್ದೆ ಇರೋರು ಇದರ ಮೇಲೆ ಚಕ್ರದ ಮಡ್‌ಗಾರ್ಡ್ ಒಳಗೆ ಭತ್ತದ ಕೆಸರನ್ನೂ ಮೆತ್ಕೊಂಡು ಬರ್ತೀರಿ. ಕೆಸರು ಒಣಗಿ ಉದುರಿತಲ್ಲ ಅಂತೀರಾ? ಹೊರಗಿನದು ಉದುರ್ತು. ಒಳಗೆ ಕೈ ಹಾಕಿದೋರು ಯಾರು?

ಈಗ ನಿಜ ಹೇಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು, ಗೇಟು ಕೊಚ್ಚಿ ಹೋಯ್ತಲ್ಲ, ಮಾರನೇ ಬೆಳಿಗ್ಗೆ ಹೊಸಪೇಟೆ ಹೋಟೆಲಲ್ಲಿ ಮಿರ್ಚಿ ಮಂಡಕ್ಕಿ ಮುಂದಿಟ್ಕೊಂಡು ಭಾಷಣ ಮಾಡಿದ್ದು ನೀವೇ ತಾನೆ? '33 ಗೇಟ್ ಅವೆ, ಎಪ್ಪತ್ತು ವರ್ಷದ ಚೈನು, ವರ್ಷಾ ವರ್ಷಾ ಚೆಕ್ ಮಾಡ್ಬೇಕೋ ಬೇಡ್ವೋ?' ಅಂತ ಟೇಬಲ್ ಗುದ್ದಿದ್ರಿ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಹರಿಯೋ ನೀರಲ್ಲೇ ತಾತ್ಕಾಲಿಕ ಗೇಟಾಗಿ ಸ್ಟಾಪ್‌ಲಾಗ್ ಇಳಿಸಿದಾಗ ನೀವೇ ಇಳಿಸಿದಂಗೆ ಚಪ್ಪಾಳೆ ಹೊಡೆದ್ರಿ. ಒಳ್ಳೇದೇ. ಆದ್ರೆ ಹೋಟೆಲ್ ಹೊರಗೆ ನಿಂತಿತ್ತಲ್ಲ ನಿಮ್ಮ ಗಾಡಿ, ಅದರ ತಳ ಯಾವಾಗ ಚೆಕ್ ಮಾಡಿದ್ರಿ?

'ಇಲ್ರೀ, ಮೇಲ್ಮೇಲೆ ಸ್ವಲ್ಪ ಜಂಗು ಅಷ್ಟೇ' ಅಂತೀರಿ, ಗೊತ್ತು. ಸರಿ, ನೋಡೇ ಬಿಡೋಣ. ಮೊದ್ಲು ಡ್ರೈವರ್ ಕಾಲ ಕೆಳಗಿನ ಮ್ಯಾಟ್ ಎತ್ರಿ. (ಅಂಟ್ಕೊಂಡಿದೆಯಾ? ಅದೇ ಅರ್ಧ ಉತ್ತರ.) ಬಣ್ಣ ಮಾತ್ರ ಕೆಂಪಾಗಿ, ಎಮರಿ ಪೇಪರಿಗೆ ಬೆಳ್ಳಗೆ ಲೋಹ ಕಂಡ್ರೆ ನೀವು ಪುಣ್ಯವಂತರು. ಪೇಂಟು ಗುಳ್ಳೆ ಎದ್ದಿದ್ರೆ ಅದು ಒಳಗಿಂದ ಹೊರಗೆ ಬಂದಿದ್ದು. ಹೊರಗೆ ಎಂಟಾಣೆ ಅಗಲ ಕಂಡ್ರೆ ಒಳಗೆ ಅಂಗೈ ಅಗಲ ಇದ್ದೀತು. ಸ್ಕ್ರೂಡ್ರೈವರ್ ತುದಿಯಿಂದ ಒತ್ರಿ. ಗಟ್ಟಿ ತಗಡು ಠಣ್ ಅಂತದೆ. ಸತ್ತ ತಗಡು ಸದ್ದೇ ಮಾಡಲ್ಲ, ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಗಿ ಕೆಳಗಿನ ರಸ್ತೆ ತೋರಿಸ್ತದೆ.

ಒಂದು ಮ್ಯಾಗ್ನೆಟ್ ತಗೊಂಡು, ಬಟ್ಟೆ ಸುತ್ತಿ, ಬಾಗಿಲ ತಳದುದ್ದಕ್ಕೂ ಎಳೀರಿ. ಹಿಡೀತು, ಹಿಡೀತು, ಟಪ್ ಅಂತ ಕೆಳಗೆ ಬಿತ್ತಾ? ಅಲ್ಲಿರೋದು ಪುಟ್ಟಿ ಸ್ವಾಮಿ! ಆವತ್ತು 'ಆಯುಧ ಪೂಜೆ ಒಳಗೆ ಆಗ್ಬೇಕು, ಖರ್ಚು ಜಾಸ್ತಿ ಬೇಡ' ಅಂತ ಟಿಂಕರ್ ತಲೆ ಮೇಲೆ ಕೂತು ಮಾಡ್ಸಿದ್ರಲ್ಲ, ಅದೇ ಕೆಲಸ. ಪಾಪ, ಅವನು ತೂತಿಗೆ ಏನೋ ತುರುಕಿ, ಪುಟ್ಟಿ ಮೆತ್ತಿ, ಮಿರಮಿರ ಪೇಂಟ್ ಹೊಡೆದು ಕೊಟ್ಟ. ಹಿಂದಿಂದ ನೀರು ಬಂದು ಪುಟ್ಟಿ ನೆನೀತು. ಬೈಸ್ಕೊಂಡಿದ್ದು ಯಾರು? ಅವನೇ.

ಬಾಗಿಲ ಕೆಳಗೆ ಉದ್ದಕ್ಕೆ ಹೋಗೋ ಡಬ್ಬಿಯಂಥ ಪಟ್ಟಿ ಐತಲ್ಲ, ಅದನ್ನ ಬಿಡ್ಬೇಡ್ರಿ. ಜೀಪಿಗಾದ್ರೆ ಕೆಳಗೆ ಬೇರೆ ಚಾಸಿ ಇರ್ತದೆ. ಅಂಬಾಸಿಡರಿಗೆ ಬಾಡಿಯೇ ಚಾಸಿ, ಭಾರ ಹೊರೋದು ಆ ಪಟ್ಟಿ. ಜಾಕ್ ಹಾಕಿ ಒಂದು ಪಕ್ಕ ಎತ್ತಿ ಬಾಗಿಲು ಹಾಕಿ ನೋಡ್ರಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚಿದ್ದು ಈಗ ತಿಕ್ಕಾಡಿದ್ರೆ ಬಾಡಿ ಬಾಗ್ತಾ ಐತಿ ಅಂತ ಅರ್ಥ. (ಎತ್ತಿದ ಕಾರಿನ ಕೆಳಗೆ ತೂರಬೇಡ್ರಿ ಮತ್ತೆ!)

ರಿಪೇರಿ ಏನು ಬ್ರಹ್ಮವಿದ್ಯೆ ಅಲ್ಲ. ಸತ್ತಿದ್ದನ್ನ ಒಳ್ಳೇ ತಗಡು ಸಿಗೋವರೆಗೂ ಕತ್ತರಿಸ್ಬೇಕು, ಅದೇ ದಪ್ಪದ ಹೊಸಾ ತಗಡನ್ನ ಅದೇ ಆಕಾರಕ್ಕೆ ಬಡಿದು ಕೂರಿಸ್ಬೇಕು. ವೆಲ್ಡಿಂಗ್ ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ಆರೋಕೆ ಬಿಟ್ಟು ಮಾಡ್ಬೇಕು. ಒಂದೇ ಎಳೆತಕ್ಕೆ ಎಳೆದ್ರೆ ಕಾವಿಗೆ ತಗಡು ಹಪ್ಪಳದಂಗೆ ಸೊಟ್ಟಾಗ್ತದೆ. ಬ್ಯಾಟರಿ ಬಿಚ್ಚಿಸ್ರಿ, ಹಿಂದುಗಡೆ ಕೆಲಸ ಇದ್ರೆ ಪೆಟ್ರೋಲ್ ಟ್ಯಾಂಕನ್ನೂ ಇಳಿಸ್ರಿ. ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್. ಆ ಕೆಂಪು ಯಾತರದ್ದು ಅಂದ್ಕೊಂಡ್ರಿ? ಅದೂ ಐರನ್ ಆಕ್ಸೈಡೇ! ತುಕ್ಕು ತಡೆಯೋಕೆ ತುಕ್ಕಿನ ನೆಂಟನ್ನೇ ದುಡ್ಡು ಕೊಟ್ಟು ತರ್ತೀವಿ.

'ಅಲ್ರೀ, ವಿಂಟೇಜ್ ಕಾರಿಗೆ ಕಟರ್ ಹಾಕೋದಾ?' ಅಂತೀರಾ? ಸ್ವಲ್ಪ ತಡೀರಿ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ಸ್ಕೊಳ್ಳೋಕೆ 50 ವರ್ಷ ದಾಟಿರ್ಬೇಕು, ಚಾಸಿ ಬಾಡಿ ಇಂಜಿನ್ ಮೂಲದಂತೆ ಇರ್ಬೇಕು, ಹೊಸ ನೋಂದಣಿಗೆ 20,000 ರೂಪಾಯಿ ಕಟ್ಬೇಕು. ಕಟ್ಟಿದ ಮೇಲೂ ದಿನಾ ಓಡಿಸಂಗಿಲ್ಲ. 1984ರ ನಿಮ್ಮ ಗಾಡಿ ಸದ್ಯಕ್ಕೆ ಬರೀ ಹಳೇದು. ಹಂಪಿಯ ಕಲ್ಲಿನ ತೇರು ಹೇಗಿತ್ತೋ ಹಾಗೇ ನಿಂತು 50 ರೂಪಾಯಿ ನೋಟು ಹತ್ತಿತು ಅಂತ ನಿಮ್ಮ ತಗಡೂ ಹಾಗೇ ನಿಂತೀತಾ?

ಹೋಗ್ಲಿ ಬಿಡ್ರಿ, ಈ ಸಲ ದಸರಾಕ್ಕೆ ಮುಂಚೆ ಅಲ್ಲ, ದಸರಾ ಮುಗಿದ ಮೇಲೆ ಟಿಂಕರ್ ಹತ್ರ ಹೋಗ್ರಿ. ಆಗ ಅವನಿಗೂ ಪುರುಸೊತ್ತು. ರೇಟು ಎಷ್ಟು ಅಂತ ಕೇಳೋಕೆ ಮುಂಚೆ ಎಷ್ಟು ಕತ್ತರಿಸ್ತೀಯಪ್ಪಾ ಅಂತ ಕೇಳ್ರಿ. ವೆಲ್ಡಿಂಗ್ ಮುಗಿದು ಇನ್ನೂ ಪೇಂಟ್ ಹೊಡೆಯದೇ ಇದ್ದಾಗ ಒಂದ್ಸಲ ಹೋಗಿ, ಬಗ್ಗಿ ನೋಡಿ ಬರ್ರಿ. ಮ್ಯಾಗ್ನೆಟ್ ಜೇಬಲ್ಲೇ ಇರ್ಲಿ.