‘ಊರು’ ಎಂಬ ಬಾಲದ ಜಗದ್ವ್ಯಾಪ್ತಿ: ಒಂದು ಮಹಾಸಂಶೋಧನೆ

ಪೀಠಿಕೆ: ಮೈಸೂರು, ಮಂಗಳೂರು, ತುಮಕೂರುಗಳ ಕೊನೆಯಲ್ಲಿರುವ ‘ಊರು’ ಎಂಬುದನ್ನು ಸ್ಥಳನಾಮ ಪಂಡಿತರು ‘ವಾರ್ಗಿಕ’ ಎಂದು ಕರೆದು, ದ್ರಾವಿಡ ಭಾಷೆಗಳ ಬೇಲಿಯೊಳಗೇ ಕಟ್ಟಿಹಾಕಿದ್ದಾರೆ. ಅದು ಬೇಲಿ ಹಾರಿದ್ದನ್ನು ಸಾಧಿಸುವುದೇ ಈ ಪ್ರಬಂಧದ ಉದ್ದೇಶ. ಬಳಸಿದ ಉಪಕರಣಗಳು: ಒಂದು ಅಟ್ಲಾಸು, ಎರಡು ಕಿವಿ.

ಪ್ರಮಾಣ ಒಂದು: ದಕ್ಷಿಣ ಇರಾಕಿನಲ್ಲಿ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಗೆಸಿದ ಸುಮೇರಿಯನ್ ನಗರದ ಹೆಸರು ‘ಉರ್’. ಹಿಂದೆ ಮುಂದೆ ಏನೂ ಇಲ್ಲ. ಮೊಟ್ಟಮೊದಲ ಊರಿನವರನ್ನು ‘ಯಾವೂರು?’ ಎಂದು ಕೇಳುವವರಾದರೂ ಯಾರಿದ್ದರು? ಅದರ ವಾಯವ್ಯಕ್ಕೆ ‘ಉರುಕ್’. ಇದು ನಮ್ಮ ಹಳಗನ್ನಡದ ‘ಊರ್ಗೆ’, ಶುದ್ಧ ಚತುರ್ಥೀ ವಿಭಕ್ತಿ, ‘ಎಲ್ಲಿಗೆ ಹೊರಟಿರಿ?’ ಎಂದವರಿಗೆ ಕೊಟ್ಟ ಉತ್ತರ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಉದಾಹರಣೆ ಕೊಡದಿರುವುದು ಆತನ ವಿನಯ.

ಪ್ರಮಾಣ ಎರಡು: ಬೆಲ್ಜಿಯಮಿನಲ್ಲಿ ಸಾಂಬ್ರ್ ಮತ್ತು ಮ್ಯೂಸ್ ನದಿಗಳ ಸಂಗಮದಲ್ಲಿ ‘ನಾಮೂರ್’ ಇದೆ. ‘ನಮ್ಮೂರು’ ಎಂಬುದರ ಮಕಾರದ ಒತ್ತು ಅಲ್ಲಿನ ಚಳಿಗೆ ಉದುರಿರುವುದು ಸ್ಪಷ್ಟ. ಸಾಂಬ್ರ್ ನದಿಗೂ ಸಾಂಬಾರಿಗೂ ಇರುವ ನಂಟನ್ನು ಮುಂದಿನ ಸಂಪುಟದಲ್ಲಿ ಬಡಿಸಲಾಗುವುದು. ಸ್ವಿಟ್ಜರ್ಲೆಂಡಿನ ‘ವಿಂಟರ್‌ಥೂರ್’ ರೋಮನ್ನರ ಕಾಲದಲ್ಲಿ ‘ವಿಟುಡುರುಂ’ ಆಗಿತ್ತು, ಅದರ ಕೊನೆಯಲ್ಲಿರುವುದು ಕೆಲ್ಟಿಕ್ ಶಬ್ದ ಎಂದು ಕೆಲವರು ತಕರಾರು ತೆಗೆಯುತ್ತಾರೆ. ರೋಮನ್ನರ ಕಿವಿ ಮಂದವಾಗಿದ್ದರೆ ಅದು ಕನ್ನಡದ ತಪ್ಪಲ್ಲ.

ಪ್ರಮಾಣ ಮೂರು: ಬ್ರಿಟಿಷರ ಬಾಯಿಗೆ ಬಿದ್ದ ‘ಊರು’ ‘ಓರ್’ ಆಗುತ್ತದೆ, ಮೈಸೋರ್, ಬ್ಯಾಂಗಲೋರ್ ಸಾಕ್ಷಿ. ಅದೇ ಸೂತ್ರದಂತೆ ಅಮೆರಿಕದ ಬಾಲ್ಟಿಮೋರ್ ಕೂಡ ನಮ್ಮದೇ. ಅದರ ಐರಿಷ್ ಮೂಲಕ್ಕೆ ‘ದೊಡ್ಡ ಮನೆಯ ಊರು’ ಎಂದರ್ಥವಂತೆ. ದೊಡ್ಡಮನೆಯವರು ಯಾವ ಸೀಮೆಯವರೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆಕ್ಷೇಪ, ಖಂಡನೆ: ‘ಶಾಸನಾಧಾರ ಎಲ್ಲಿ?’ ಎಂದು ಕೇಳುವವರಿದ್ದಾರೆ. ಬೇಗೂರಿನ ಸುಮಾರು 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಆಗಲೇ ಇದೆ. ಆದರೂ ಹನ್ನೆರಡನೆಯ ಶತಮಾನದ ವೀರಬಲ್ಲಾಳನಿಗೆ ಅಜ್ಜಿ ಬಡಿಸಿದ ಬೆಂದ ಕಾಳಿನಿಂದಲೇ ಆ ಹೆಸರು ಬಂತೆಂದು ನಾವೆಲ್ಲ ಇಂದಿಗೂ ಮಕ್ಕಳಿಗೆ ಹೇಳುತ್ತಿಲ್ಲವೇ? ಕಲ್ಲಿಗೆ ಅಜ್ಜಿಯೇ ಅಂಜದಿರುವಾಗ ಸಂಶೋಧಕನೇಕೆ ಅಂಜಬೇಕು?

ಉಪಸಂಹಾರ: 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ತಿದ್ದುಪಡಿಯಾದವು. ನಾಮೂರು, ಬಾಲ್ಟಿಮೂರುಗಳನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಸರ್ಕಾರವನ್ನು ಆಗ್ರಹಿಸುತ್ತೇವೆ. ಇನ್ನು, ನಾಲ್ಕು ಹೆಸರು ಕಿವಿಗೆ ಒಂದೇ ತೆರನಾಗಿ ಕೇಳಿದರೆ ಸಾಲದು, ಧ್ವನಿ ವ್ಯತ್ಯಾಸಕ್ಕೆ ನಿಯಮ ತೋರಿಸಿ, ಹಳೆಯ ರೂಪಗಳನ್ನು ನೋಡಿ ಎಂದು ಹಟ ಹಿಡಿಯುವ ಭಾಷಾವಿಜ್ಞಾನಿಗಳನ್ನು ನಮ್ಮ ಮುಂದಿನ ವಿಚಾರ ಸಂಕಿರಣಕ್ಕೆ ಕರೆಯತಕ್ಕದ್ದಲ್ಲ.